ಎದ್ದು ನಿಂತ ಪಂಚೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಚಳಿಗಾಲವನ್ನು ಬಟ್ಟೆಯಿಂದ ಹಿಂಡಿ ಭರಣಿಯಲ್ಲಿ ತುಂಬಿಡುತ್ತಿದ್ದರು. ನಗಬೇಡಿ ಮಕ್ಕಳೇ, ಅಜ್ಜ ಬುರುಡೆ ಬಿಡುತ್ತಿಲ್ಲ. ನಮ್ಮೂರು ಶಿಕಾರಿಪುರದ ಸೀಮೆಯಲ್ಲಿ, ತೊಗರ್ಸಿಗೆ ಹತ್ತಿರ. ಹಿತ್ತಲಿನಲ್ಲಿ ಅವರೆ ಚಪ್ಪರ, ಬದನೆ ಗಿಡ, ಕುಂಬಳದ ಬಳ್ಳಿ ಇದ್ದವು. ಅವುಗಳ ಆಚೆ ಅಕ್ಕ ತಾನೇ ಬಿತ್ತಿದ ಐದು ಸಾಲು ಕಡಲೆ ಗಿಡ. ಕಡಲೆ ಎಲೆಯ ಮೇಲೆ ಒಂದು ಬಗೆಯ ಹುಳಿ ಇರುತ್ತದೆ, ಇಬ್ಬನಿ ಬಿದ್ದಾಗ ಅದರಲ್ಲಿ ಕರಗುತ್ತದೆ. ನಸುಕಿನಲ್ಲಿ ಗಿಡಗಳ ಮೇಲೆ ಬಿಳಿ ಬಟ್ಟೆ ಹೊದಿಸಿ, ಬಿಸಿಲು ತಾಗುವ ಮುಂಚೆ ಎತ್ತಿ ಹಿಂಡಿದರೆ ಕಡಲೆ ಹುಳಿ ಸಿಗುತ್ತದೆ. ಹೊಟ್ಟೆ ಉಬ್ಬರಿಸಿದರೆ ಅದೇ ಮದ್ದು, ಹುಣಸೆ ಮುಗಿದ ದಿನ ಸಾರಿಗೂ ಅದೇ.

ಬಟ್ಟೆ ಹೊದಿಸುವುದು ನನ್ನ ಕೆಲಸ. ಆ ವರ್ಷ ಆ ಕೆಲಸ ನನಗೆ ಬೇಡವಾಗಿತ್ತು. ಸಂಕ್ರಾಂತಿ ಕಳೆದರೂ ಚಳಿ ಇಳಿದಿರಲಿಲ್ಲ. ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಕಲ್ಲಾಗಿ ಕೂತಿತ್ತು. ಬೆಳಿಗ್ಗೆ ಎತ್ತುಗಳ ಮೈಯಿಂದ ಆವಿ ಏಳುತ್ತಿತ್ತು. ಕಂಬಳಿ ಬಿಟ್ಟು ಹೊರಗೆ ಕಾಲಿಡುವುದೆಂದರೆ ನನಗೆ ಅಳುವೇ ಬರುತ್ತಿತ್ತು.

ಅದೇ ಹೊತ್ತಿಗೆ ಮನೆಯಲ್ಲಿ ಅಕ್ಕನ ಮದುವೆಯ ಮಾತು ನಡೆದಿತ್ತು. ಸೊರಬದ ಕಡೆ, ಗುಡವಿಯ ಹುಡುಗ ಬಂದು ನೋಡಿ ಹೋಗಿದ್ದ. ಮಾತು ಗಟ್ಟಿ ಮಾಡಲು ಅಪ್ಪ ಮರುದಿನ ಅವರ ಮನೆಗೆ ಹೋಗುವುದಿತ್ತು. ಹಿಂದೆ ಎರಡು ಸಂಬಂಧಗಳು ಇನ್ನೇನು ಆಯಿತು ಎನ್ನುವಾಗ ತಪ್ಪಿಹೋಗಿದ್ದವು. ಅದಕ್ಕೇ ಅಕ್ಕ ಈ ಸಲ ಮದುವೆಯ ಮಾತು ಎದ್ದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಸುಮ್ಮನೆ ಕಡಲೆ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಳು. ಅಮ್ಮ ಅಪ್ಪನ ಒಂದೇ ಒಂದು ಒಳ್ಳೆಯ ಪಂಚೆಯನ್ನು ಒಗೆದು, ನೀಲಿ ಹಾಕಿ, ಹಗ್ಗದ ಮೇಲೆ ಹರವಿದ್ದಳು.

ಸೋಮಾರಿಗೆ ಉಪಾಯ ಬೇಗ ಹೊಳೆಯುತ್ತದೆ ನೋಡಿ. ಸಂಜೆಯೇ ಬಟ್ಟೆ ಹೊದಿಸಿಟ್ಟರೆ ನಸುಕಿನಲ್ಲಿ ಎರಡೆರಡು ಸಲ ಹೊರಗೆ ಹೋಗುವ ಕಾಟವಿಲ್ಲ ಎಂದುಕೊಂಡೆ. ಹುಳಿ ಹಿಡಿಯುವ ಹಳೆಯ ಬಟ್ಟೆ ಹರಿದು ಜಾಳಾಗಿತ್ತು. ಪಂಚೆಯಾದರೆ ಅಗಲವಾಗಿತ್ತು, ಮಡಿಸದೆ ಹರವಿದರೆ ಐದು ಸಾಲಿಗೂ ಬರುತ್ತಿತ್ತು. ಎಲ್ಲರೂ ಏಳುವ ಮುಂಚೆ ತೆಗೆದು, ಜಾಲಿಸಿ, ಮತ್ತೆ ಹಗ್ಗಕ್ಕೆ ಹಾಕಿದರಾಯಿತು ಎಂದು ಧೈರ್ಯ ಮಾಡಿ ಪಂಚೆಯನ್ನೇ ಹೊದಿಸಿಬಿಟ್ಟೆ. ಆ ಸಂಜೆ ಒಂದೆಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದವನು ಅಲ್ಲೇ ನಿಂತುಬಿಟ್ಟೆ. ಹಿತ್ತಲೆಲ್ಲ ಬೆಳ್ಳಗಿತ್ತು. ಅವರೆ ಎಲೆಯ ಅಂಚಿಗೆ, ಬೇಲಿಯ ಮುಳ್ಳಿಗೆ, ಜೇಡರ ಬಲೆಯ ಎಳೆ ಎಳೆಗೂ ಯಾರೋ ರವೆ ಅಂಟಿಸಿದ ಹಾಗಿತ್ತು. ಹುಲ್ಲಿನ ಮೇಲೆ ಕಾಲಿಟ್ಟರೆ ಚರಚರ ಸದ್ದು. ಹಕ್ಕಿಯೊಂದೂ ಉಲಿಯುತ್ತಿರಲಿಲ್ಲ. ಹೆದರಿಕೆಯಿಂದ ಪಂಚೆಯ ತುದಿ ಹಿಡಿದು ಎತ್ತಿದೆ. ಅದು ಬಾಗಲಿಲ್ಲ. ಹಪ್ಪಳದ ಹಾಗೆ ಸೆಟೆದುಕೊಂಡು, ಎತ್ತಿದಷ್ಟೂ ಎದ್ದು ನಿಂತಿತು. ನಾನು ಮಾಡಿದ ತಪ್ಪಿಗೆ ದೇವರು ಪಂಚೆಯನ್ನೇ ಕಲ್ಲು ಮಾಡಿದ ಎಂದುಕೊಂಡು ಜೋರಾಗಿ ಅತ್ತುಬಿಟ್ಟೆ.

ಅಪ್ಪ ಬೇವಿನ ಕಡ್ಡಿ ಕಚ್ಚಿಕೊಂಡೇ ಓಡಿಬಂದರು. ಬೆನ್ನಿಗೆ ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅಪ್ಪ ಕಡ್ಡಿಯನ್ನು ಬಾಯಿಂದ ತೆಗೆದು, ಕೈಕಟ್ಟಿ ನಿಂತಿದ್ದರು. ಅಪ್ಪ ಹಾಗೆ ನಿಂತದ್ದನ್ನು ನಾನು ಗುಡಿಯಲ್ಲಿ ಮಾತ್ರ ನೋಡಿದ್ದೆ.

"ನಾ ಹುಟ್ಟಿದಾಗಿಂದ ಇಂಥದ್ದು ನೋಡಿಲ್ಲ ಕಣೋ," ಎಂದರು ಮೆಲ್ಲಗೆ. ಪಂಚೆಯ ಮೇಲಿಂದ ಹೆಪ್ಪುಗಟ್ಟಿದ ಇಬ್ಬನಿಯ ತೆಳ್ಳನೆಯ ಚಕ್ಕೆಯೊಂದನ್ನು ಉಗುರಿನಿಂದ ಎಬ್ಬಿಸಿ ನನ್ನ ನಾಲಿಗೆಯ ಮೇಲಿಟ್ಟರು. ತಣ್ಣಗೆ ಚುಚ್ಚಿ, ಹುಳ್ಳಗೆ ಕರಗಿತು. ಅಷ್ಟರಲ್ಲಿ ಅಮ್ಮ, ಅಕ್ಕ ಇಬ್ಬರೂ ಬಂದರು. ನಾಲ್ಕೂ ಜನ ಹಾಗೇ ನಿಂತಿದ್ದೆವು. ಬಿಸಿಲು ಬಂದಾಗ ಹಿತ್ತಲಿಗೆ ಹಿತ್ತಲೇ ಮಿನುಗಿತು. ನನಗೆ ಅಳು ಮರೆತುಹೋಗಿತ್ತು. ಆಮೇಲೆ ಪಂಚೆ ತೊಟ್ಟಿಕ್ಕತೊಡಗಿತು. ಹುಳಿಗೆ ಹಿತ್ತಾಳೆ ಆಗದು, ಅಕ್ಕ ಓಡಿಹೋಗಿ ಪಿಂಗಾಣಿ ಭರಣಿ ತಂದಳು.

ಆ ಚೆಲುವು ಇದ್ದದ್ದು ಸ್ವಲ್ಪ ಹೊತ್ತು. ಬಿಸಿಲೇರಿದಂತೆ, ರಾತ್ರಿಯಿಡೀ ಹೆಪ್ಪುಗಟ್ಟಿದ್ದ ಅವರೆ ಎಲೆ ಜೋತುಬಿದ್ದು ಕಪ್ಪಾಯಿತು. ಕುಂಬಳದ ಬಳ್ಳಿ ಬೇಯಿಸಿದ ಸೊಪ್ಪಿನಂತಾಯಿತು. ಅಮ್ಮನ ಮುಖವೂ ಕಪ್ಪಿಟ್ಟಿತು.

"ಹಿತ್ತಲೇ ಸುಟ್ಟೋತು. ಇವತ್ತು ಹೋಗ್ಬ್ಯಾಡ್ರಿ, ಶಕುನ ಚಲೋ ಇಲ್ಲ," ಎಂದಳು.

ಅಕ್ಕ ಭರಣಿಯನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಿದ್ದಳು. ಅಪ್ಪ ಅವಳನ್ನು ಒಮ್ಮೆ ನೋಡಿದರು, ಆಮೇಲೆ ಕಡಲೆ ಸಾಲನ್ನು ನೋಡಿದರು. ಪಂಚೆಯ ಕೆಳಗಿದ್ದ ಐದೂ ಸಾಲು ಹಸಿರಾಗಿದ್ದವು. ಪುಟ್ಟ ನೇರಳೆ ಹೂವು ಒಂದೂ ಬಾಡಿರಲಿಲ್ಲ.

"ಸುಟ್ಟಿದ್ದನ್ನ ನೋಡ್ದಿ, ಉಳಿದಿದ್ದನ್ನೂ ನೋಡು," ಎಂದು ಅಪ್ಪ ಪಂಚೆ ಹಿಂಡಿ ಬಚ್ಚಲ ಒಲೆಯ ಮೇಲೆ ಹಿಡಿದು ಒಣಗಿಸಿದರು. ಅಲ್ಲಲ್ಲಿ ಹಳದಿ ಕಲೆ, ಮೂಗಿಗೆ ಹುಳಿ ವಾಸನೆ. ಅದನ್ನೇ ಉಟ್ಟು ಹತ್ತು ಗಂಟೆಯ ಬಸ್ಸು ಹತ್ತಿದರು.

ಅಕ್ಕ ಆ ದಿನ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ. ಸಂಬಂಧ ತಪ್ಪಿದರೆ ಅದು ನನ್ನಿಂದಲೇ ಎಂದುಕೊಂಡು ಬಸ್ಸಿನ ಸದ್ದಿಗೆ ಕಿವಿಗೊಟ್ಟು ಜಗಲಿಯಲ್ಲೇ ಕೂತಿದ್ದೆ. ಸಂಜೆ ಅಪ್ಪ ಬಂದವರೇ ಅಕ್ಕನ ಕೈಗೆ ಬೆಲ್ಲದ ಉಂಡೆ ಕೊಟ್ಟರು. ಗುಡವಿಯಲ್ಲೂ ಆ ಬೆಳಿಗ್ಗೆ ಕೆರೆಯೆಲ್ಲ ಹೊಗೆಯಾಡಿತ್ತಂತೆ, ಹೊತ್ತೇರುವವರೆಗೆ ಹಕ್ಕಿಗಳು ಮೇಲೇಳಲಿಲ್ಲವಂತೆ. ಹುಡುಗನ ತಾಯಿ ಪಂಚೆಯ ಕಲೆ ನೋಡಿ ಕೇಳಿದ್ದಕ್ಕೆ ಅಪ್ಪ ಒಂದನ್ನೂ ಮುಚ್ಚಿಡದೆ ಹೇಳಿದರಂತೆ. ಆಕೆ, "ನಾವು ಬೆಳಗ್ಗಿಂದ ಅಪಶಕುನ ಅಂತ ಕೂತಿದ್ವಿ ಮಾರಾಯ್ರೆ. ನೀವು ಹುಳಿ ಪಂಚೆ ಉಟ್ಕಂಡು ನಗ್ತಾ ಬಂದ್ರಿ. ಇಂಥಾ ಮನೆ ಹುಡುಗಿನೇ ನಮಗೆ ಬೇಕು," ಎಂದರಂತೆ. ಅಕ್ಕ ಅರ್ಧ ಉಂಡೆಯನ್ನು ನನ್ನ ಬಾಯಿಗೆ ತುರುಕಿ ಅಡುಗೆಮನೆಗೆ ಓಡಿದಳು. ಮದುವೆಯಾಗಿ ಹೋಗುವಾಗ ಅಪ್ಪನಿಂದ ಆ ಪಂಚೆಯನ್ನೇ ಕೇಳಿ ಇಸಿದುಕೊಂಡಳು.

ಈಗ ನೋಡಿ, ಪುಷ್ಯ ಮಾಸದಲ್ಲೂ ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತಿದೆ. ಮಾವಿನ ಮರಕ್ಕೆ ಕಾಲವೇ ತಿಳಿಯದೆ ಒಂದು ಕೊಂಬೆಯಲ್ಲಿ ಹೂವು, ಇನ್ನೊಂದರಲ್ಲಿ ಚಿಗುರು. ನಾಳೆ ಎಷ್ಟು ಚಳಿ ಎಂದು ನಿಮ್ಮ ಮೊಬೈಲು ಇವತ್ತೇ ಹೇಳುತ್ತದೆ, ಚಳಿ ಮಾತ್ರ ಬರುವುದಿಲ್ಲ. ಆದರೂ ನಾನು ಹಿತ್ತಲಿನಲ್ಲಿ ಎರಡು ಸಾಲು ಕಡಲೆ ಹಾಕಿದ್ದೇನೆ. ಆ ಪಂಚೆಯಲ್ಲಿ ಉಳಿದ ಕರವಸ್ತ್ರದಷ್ಟು ತುಂಡನ್ನು ಅಕ್ಕ ಕಳಿಸಿಕೊಟ್ಟಿದ್ದಾಳೆ. ಮೊಮ್ಮಗಳು ದಿನಾ ಅಲಾರಾಂ ಇಟ್ಟು ಎದ್ದು ಅದನ್ನು ಹೊದಿಸುತ್ತಾಳೆ. ಹದಿನೈದು ದಿನ ಬಟ್ಟೆ ಹಾಕಿದ ಹಾಗೇ ಒಣಗಿಕೊಂಡಿತ್ತು. ಮೊನ್ನೆ ಬೆಳಿಗ್ಗೆ ಹಿಂಡಿದಾಗ ಅರ್ಧ ಚಮಚ ಬಂತು. ಅವಳು ಅದನ್ನು ಕುಡಿಯಲಿಲ್ಲ, ಚೆಲ್ಲಲಿಲ್ಲ, ಮೊಬೈಲನ್ನೂ ತೆಗೆಯಲಿಲ್ಲ. ಅಂದು ಅಪ್ಪ ಪಂಚೆಯ ಮುಂದೆ ನಿಂತ ಹಾಗೆ, ಆ ಅರ್ಧ ಚಮಚವನ್ನು ನೋಡುತ್ತ ನಿಂತಿದ್ದಳು.