ಇವತ್ತಿನ ಮಲ್ಲಿಗೆಗೆ ನಿನ್ನೆಯ ಚೀಟಿ

ಮಕ್ಕಳೇ, ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲವೆಂದು ನೀವು ನಗುತ್ತೀರಿ. ಅಂದು ಬಾರದೆ ಹೋದ ಮಾತನ್ನು ಇಲ್ಲಿ ಬರೆದಿಡುತ್ತೇನೆ.

ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಮಲ್ಲಿಗೆ ಮೊಗ್ಗು ಕೊಯ್ಯುವುದು ನನ್ನ ಅಭ್ಯಾಸ. ಬಿಸಿಲು ತಾಗಿದ ಮೊಗ್ಗು ಕಟ್ಟುವಾಗಲೇ ಬಿರಿಯುತ್ತದೆ. ಉಳಿದವರು ಬೆಳಗಾದ ಮೇಲೆ ಗಿಡದ ಹತ್ತಿರ ಹೋಗುತ್ತಾರೆ. ಕಾಪುವಿನ ಒಂದು ದೊಡ್ಡ ಮನೆಯ ನಾಗಬನಕ್ಕೆ ನಿಮ್ಮ ಅಜ್ಜ ಇದ್ದ ಕಾಲದಿಂದಲೂ ನಮ್ಮ ಹೂವೇ ಹೋಗುತ್ತಿತ್ತು. ನಾಗನಿಗೆ ಹಿಂದಿನ ದಿನದ ಹೂ ಏರಿಸುವುದಿಲ್ಲ.

ನಮ್ಮಿಂದ ಹೂ ಕೊಂಡು ಅಲ್ಲಿಗೂ ಕಳಿಸುವ ಹೂವಿನ ಕಟ್ಟೆಗೆ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಇಬ್ಬರು ಒಂದು ಆ್ಯಪ್ ಮಾಡಿಕೊಟ್ಟರು. ಕೊಯ್ಯಲು ಶುರು ಮಾಡುವಾಗ ಮೊಬೈಲಿನಲ್ಲಿ ಒತ್ತಬೇಕು. ಕಟ್ಟೆಯಲ್ಲಿ ಕಟ್ಟಿ ತಂದ ಹೂವಿನ ಚೆಂಡಿಗೆ ಕೊಯ್ದ ತಾರೀಕು, ಹೊತ್ತಿನ ಚೀಟಿ ಬರುತ್ತದೆ. ತಾಜಾ ಹೂವೆಂಬುದಕ್ಕೆ ಸಾಕ್ಷಿಯಂತೆ. ಮೂಗಿದ್ದವರಿಗೆ ಅದು ಬೇಕಿತ್ತೇ?

ಮೊದಲ ದಿನವೇ ಕಾಪುವಿನಿಂದ ಹೂ ವಾಪಸು ಬಂತು.

"ಎಂತ ಅಕ್ಕ, ನಾಗನಿಗೆ ನಿನ್ನೆಯ ಹೂ ಕೊಟ್ಟದ್ದಾ? ಚೀಟಿಯಲ್ಲಿ ಉಂಟಲ್ಲ," ಎಂದರು ಕಟ್ಟೆಯವರು, ಎಲ್ಲರಿಗೂ ಕೇಳುವ ಹಾಗೆ.

ನನ್ನ ಮೊಬೈಲಿನಲ್ಲಿ ಇವತ್ತಿನ ತಾರೀಕೇ ಇತ್ತು. ತೋರಿಸಿದೆ. ಅವರು ಚೀಟಿಯನ್ನೇ ನಂಬಿದರು.

ಆ ಇಬ್ಬರಲ್ಲಿ ಒಬ್ಬ ಬಂದು ಲ್ಯಾಪ್‌ಟಾಪ್ ತೆರೆದ.

"ಸಣ್ಣ ಮಿಸ್ಟೇಕ್ ಅಜ್ಜಿ. ಒಳಗೆ ಟೈಮ್ ಇಡುವುದು ಯುಟಿಸಿಯಲ್ಲಿ, ಅಂದ್ರೆ ಲೋಕಕ್ಕೆಲ್ಲ ಒಂದೇ ಗಡಿಯಾರ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ ಐದೂವರೆಗೆ ಮೊದಲು ಒತ್ತಿದ್ರೆ ಅಲ್ಲಿ ಇನ್ನೂ ನಿನ್ನೆ."

"ಮೊಬೈಲಿನಲ್ಲಿ ಸರಿ ಉಂಟಲ್ಲ?"

"ಅದು ನಾನು ಬರೆದದ್ದು, ಐದೂವರೆ ಕೂಡಿಸಿ ತೋರಿಸ್ತದೆ. ಚೀಟಿಯದ್ದು ನನ್ನ ಫ್ರೆಂಡ್ ಬೇರೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಅವನು ಕೂಡಿಸ್ಲಿಲ್ಲ. ಸದ್ಯಕ್ಕೆ ನೀವು ಐದೂವರೆ ಆದ ಮೇಲೆ ಕೊಯ್ದರೆ ಆಗದಾ?"

ಇವರ ಉದಾಸೀನಕ್ಕೆ ನನ್ನ ಮಲ್ಲಿಗೆ ಕಾಯಬೇಕಂತೆ. ಕಟ್ಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಎಲ್ಲ ನಡೆಯುತ್ತದೆ. ಯಾವ ಭಾಷೆಯಲ್ಲೂ ಇವತ್ತು ಕೊಯ್ದ ಹೂ ನಿನ್ನೆಯದಾದದ್ದಿಲ್ಲ. ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು, ಗಂಟೆಯನ್ನು ಯಾರು ಕೂಡಿಸುವುದೆಂದು ಮಾತಾಡಿಕೊಂಡಿರಲಿಲ್ಲ.

ಮರುದಿನ ದುರಸ್ತಿಯಾಯಿತು. ಇವನು ಮೊಬೈಲಿನಿಂದ ಕಳಿಸುವ ಮೊದಲೇ ಕೂಡಿಸಿದ. ಅವನು ಚೀಟಿಯಲ್ಲಿ ಮತ್ತೊಮ್ಮೆ ಕೂಡಿಸಿದ. ನಾನು ಐದಕ್ಕೆ ಕೊಯ್ದು ಒಂಬತ್ತಕ್ಕೆ ತಂದ ಹೂವಿಗೆ ಹತ್ತೂವರೆಗೆ ಕೊಯ್ದದ್ದೆಂದು ಚೀಟಿ ಬಂತು.

"ಹೂ ಇನ್ನೂ ಗಿಡದಲ್ಲೇ ಉಂಟು ಮಾರಾಯ, ಅಕ್ಕ ತಂದದ್ದು ಎಂತ ಹಾಗಾದ್ರೆ?" ಎಂದು ಕಟ್ಟೆಯವರು ಅವನಿಗೆ ಫೋನಿನಲ್ಲೇ ಕೇಳಿದರು. ಆಮೇಲೆ ನನ್ನ ಮುಖ ನೋಡಲಿಲ್ಲ. ತಪ್ಪು ಚೀಟಿಯದ್ದೆಂದು ಕಾಪುವಿಗೂ ಫೋನ್ ಮಾಡಿ ಹೇಳಿದರು.

ಈಗ ಚೀಟಿ ಸರಿ ಬರುತ್ತದೆ. ಆ ಮನೆಯ ಯಜಮಾನ್ತಿ ಪುನಃ ನನ್ನ ಹೂವೇ ಬೇಕೆನ್ನುತ್ತಾರೆ. ಹುಟ್ಟಿದಂದಿನಿಂದ ಮಲ್ಲಿಗೆ ಮುಡಿದವರು ಅಂದು ಆ ಮೊಗ್ಗನ್ನು ಒಮ್ಮೆ ಮುಟ್ಟಿ ನೋಡಿದ್ದರೂ ಸಾಕಿತ್ತು. ನಾಗನ ಹೂವಿಗೆ ಇಲ್ಲ ಎನ್ನಬಾರದು, ಕೊಡುತ್ತೇನೆ. ಆ ಕಡೆ ಹೋದಾಗ ಮೊದಲಿನ ಹಾಗೆ ಅವರ ಜಗಲಿ ಹತ್ತಿ ಕಾಫಿ ಕುಡಿಯುವುದನ್ನು ಮಾತ್ರ ಬಿಟ್ಟಿದ್ದೇನೆ.