ಮಿಷನ್ನಿಗೆ ಹೇಳಿದ ಮಾತು

ದುರ್ಗಾಂಬಿಕಾ ಇವತ್ತಿಗೂ ಹೊಲಿಗೆ ಮಿಷನ್ನಿನ ಹತ್ತಿರ ಮಾತಾಡುತ್ತಾಳೆ. ಜಗಳೂರಿನ ಆ ಶೆಡ್ಡಿನಲ್ಲಿ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಹೆಂಗಸರಿಗೆ ಅದು ರೂಢಿಯಾಗಿದೆ. ಹೊಸದಾಗಿ ಬಂದವರು ಮಾತ್ರ ನಗುತ್ತಾರೆ.

ಅವಳ ಊರು ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮೂರು ವರ್ಷದ ಹಿಂದೆ, ಊರ ಸರ್ಕಲ್ಲಿನಲ್ಲಿ ಯಾರ ಹೆಸರಿನ ಬೋರ್ಡು ಹಾಕಬೇಕು ಎಂದು ಮೂಡಲ ಕೇರಿಯವರೂ ಪಡುವಲ ಕೇರಿಯವರೂ ಬಡಿದಾಡಿದರು. ಎರಡು ದಿನ ಕಲ್ಲು, ದೊಣ್ಣೆ, ಬಣವೆಗಳಿಗೆ ಬೆಂಕಿ. ಆ ಗಲಾಟೆಯಲ್ಲಿ ಪಡುವಲ ಕೇರಿಯ ವಿನಯ್ ಕುಮಾರನ ಬಲಗಣ್ಣು ಹೋಯಿತು. ರಾಡು ಬೀಸಿದವನು ದುರ್ಗಾಂಬಿಕಾಳ ಅಣ್ಣ ಮಾರುತಿ. ಅವಳು ಮನೆಯ ಮಾಳಿಗೆಯ ಮೇಲೆ ನಿಂತು ಕಣ್ಣಾರೆ ಕಂಡಿದ್ದಳು. ಅವಳು ಅಲ್ಲಿ ನಿಂತದ್ದನ್ನು ಕಂಡವರೂ ಇದ್ದರು. ಪೊಲೀಸರು ಸಾಕ್ಷಿಗಳ ಪಟ್ಟಿಗೆ ಅವಳ ಹೆಸರನ್ನು ಸೇರಿಸಿಕೊಂಡರು.

ಆಮೇಲೆ ಅವಳ ದೊಡ್ಡಪ್ಪ ಉಚ್ಚಂಗೆಪ್ಪ ಮೂಡಲ ಕೇರಿಯವರನ್ನೆಲ್ಲ ಅಮ್ಮನ ಗುಡಿಗೆ ಕರೆದು, ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ. ಪಡುವಲ ಕೇರಿಯವರ ಜೊತೆ ಮಾತಿಲ್ಲ, ಅವರಿಗೆ ನೀರಿಲ್ಲ. ಹತ್ತೊಂಬತ್ತರ ದುರ್ಗಾಂಬಿಕಾಳೂ ಆ ಅರಿಶಿನದ ಪುಡಿಯಲ್ಲಿ ಬೆರಳಿಟ್ಟಳು. ಅಮ್ಮನೆಂದರೆ ಅವಳಿಗೆ ಭಕ್ತಿಯೂ ನಿಜ, ಭಯವೂ ನಿಜ.

ಶೆಡ್ಡಿನ ಯಜಮಾನಿ ಅನ್ನಪೂರ್ಣಳಿಗೆ ಇದೊಂದೂ ಬೇಕಿರಲಿಲ್ಲ. ಕಾಲರ್ ಹೊಲಿಯುವವಳ ಪಕ್ಕದಲ್ಲಿ ಅದನ್ನು ಅಂಗಿಗೆ ಕೂಡಿಸುವವಳು ಕೂರಬೇಕು, ಅಷ್ಟೇ. ಹಾಗೆ ದುರ್ಗಾಂಬಿಕಾಳ ಪಕ್ಕಕ್ಕೆ ಬಂದವಳು ಸಂಧ್ಯಾರಾಣಿ, ವಿನಯ್ ಕುಮಾರನ ತಂಗಿ.

ಹದಿನೈದು ದಿನ ಇಬ್ಬರ ನಡುವೆ ಕಾಲರುಗಳು ಮಾತ್ರ ಓಡಾಡಿದವು. ಒಂದು ದಿನ, ಆಣೆಯ ಸಂಗತಿ ಗೊತ್ತಿದ್ದ ಸಂಧ್ಯಾರಾಣಿ ತನ್ನ ಮಿಷನ್ನಿನ ತಲೆ ತಟ್ಟಿ ಅಂದಳು:

“ಲೇ ಮಿಷನ್ನೇ, ಈ ಕಾಲರ್ ಹೊಲಿದೋರಿಗೆ ಹೇಳು, ಇದು ಹುಡುಗ್ರ ಕುತ್ತಿಗೆಗೆ, ಎಮ್ಮೆ ಕುತ್ತಿಗೆಗಲ್ಲ ಅಂತ.”

ದುರ್ಗಾಂಬಿಕಾ ನಗು ನುಂಗಿಕೊಂಡು ತನ್ನ ಮಿಷನ್ನಿನ ಕಡೆ ಬಗ್ಗಿದಳು. “ಹೇಳಿದೋರ ಹೊಲಿಗೆ ನೋಡಿದ್ಯೇನೇ? ಎಮ್ಮೆ ನಡೆದಂಗೈತೆ.”

ಮಿಷನ್ನಿಗೆ ಹೇಳಿದರೆ ಆಣೆ ಮುರಿದಂತಲ್ಲ. ಎರಡು ವರ್ಷ ಹೀಗೇ ನಡೆಯಿತು. ಹೆಣ್ಣು ನೋಡಲು ಬಂದವನ ಬಣ್ಣ ಹಚ್ಚಿದ ಮೀಸೆ, ತಾಯಂದಿರ ಬೈಗುಳ, ವಿನಯ್ ಕುಮಾರ ಆಟೋ ಮಾರಿದ ದಿನದ ಅಳು, ಎಲ್ಲವೂ ಮಿಷನ್ನುಗಳ ಮೂಲಕವೇ ಹೋಗಿಬಂದವು. ಸಂಧ್ಯಾರಾಣಿ ಜ್ವರದಲ್ಲಿ ಬಂದಾಗ ದುರ್ಗಾಂಬಿಕಾ ತನ್ನ ನೀರಿನ ಬಾಟಲಿಯನ್ನು ಅವಳ ಮಿಷನ್ನಿನ ಮೇಲಿಟ್ಟು ಮುಖ ಆಚೆ ತಿರುಗಿಸಿದಳು.

ಕೋರ್ಟಿನಿಂದ ಸಮನ್ಸ್ ಬಂದ ವಾರ ಸಂಧ್ಯಾರಾಣಿ ತಮಾಷೆ ಮಾಡಲಿಲ್ಲ. “ಮಿಷನ್ನೇ, ಒಂದೇ ಮಾತು. ಅವತ್ತು ಕಂಡದ್ದನ್ನ ಕಟಕಟೇಲಿ ಹೇಳ್ತಾಳೇನು, ಕೇಳು.”

ದುರ್ಗಾಂಬಿಕಾ ಪೆಡಲಿನಿಂದ ಕಾಲು ತೆಗೆದಳು. “ಹೇಳ್ತಾಳೆ ಅನ್ನು, ಮಿಷನ್ನೇ.”

ಮನೆಯಲ್ಲಿ ಉಚ್ಚಂಗೆಪ್ಪ ಕಾದು ಕೂತಿದ್ದ. “ನಿಮ್ಮಣ್ಣನ್ನ ಜೈಲಿಗೆ ಹಾಕಿ ನೀನು ಹೆಂಗೆ ಉಣ್ತೀಯವ್ವ? ಮಾಳಿಗೆ ಮ್ಯಾಲೆ ಇರ್ಲಿಲ್ಲ ಅನ್ನು, ಮುಗೀತು.”

“ದೇವರ ಮ್ಯಾಲೆ ಪ್ರಮಾಣ ಮಾಡಿಸ್ತಾರೆ, ದೊಡ್ಡಪ್ಪ.”

“ಕೋರ್ಟಿನ ದೇವರಿಗೆ ಭಂಡಾರ ಐತೇನು?”

ತಾಯಿ ಲಕ್ಷ್ಮಕ್ಕ ಮೂರು ದಿನ ಉಣ್ಣಲಿಲ್ಲ.

ಕಟಕಟೆಯಲ್ಲಿ ದುರ್ಗಾಂಬಿಕಾ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದಳು. ಆಮೇಲೆ, “ನಾನು ಒಳಗೆ ರೊಟ್ಟಿ ಬಡೀತಿದ್ದೆ, ಏನೂ ಕಂಡಿಲ್ಲ” ಎಂದಳು. ಹಿಂದಿನ ಬೆಂಚಿನಲ್ಲಿ ಸಂಧ್ಯಾರಾಣಿ ಕೂತಿದ್ದಳು. ಮಾತಾಡಬಾರದೆಂಬ ಆಣೆಯನ್ನು ಎರಡು ವರ್ಷ ಜತನದಿಂದ ಕಾಯ್ದವಳು ಸತ್ಯ ಹೇಳುವ ಆಣೆಯನ್ನು ಒಂದೇ ಉಸಿರಿಗೆ ಮುರಿದಳು.

ರಾಡು ಬೀಸಿದ್ದನ್ನು ಕಂಡ ಬೇರೆ ಸಾಕ್ಷಿ ಇರಲಿಲ್ಲ, ಕೇಸು ಬಿದ್ದುಹೋಯಿತು. ಎಲೆಕ್ಷನ್ ಹತ್ತಿರವಿತ್ತು, ಎರಡೂ ಕೇರಿಯ ಹಿರಿಯರು ರಾಜಿಯಾದರು. ಅಮ್ಮನ ಗುಡಿಯಲ್ಲಿ ಕಾಯಿ ಒಡೆದು ಆಣೆ ಬಿಡಿಸಿದರು. ಸರ್ಕಲ್ಲಿಗೆ ಯಾವ ಬೋರ್ಡೂ ಬರಲಿಲ್ಲ.

ಮರುದಿನ ದುರ್ಗಾಂಬಿಕಾ ಪಕ್ಕಕ್ಕೆ ತಿರುಗಿ ಮೊದಲ ಸಲ ಹೆಸರು ಹಿಡಿದು ಕರೆದಳು. “ಸಂಧ್ಯಾ, ಆಣೆ ಬಿಡಿಸ್ಯಾರೆ ಕಣೇ.”

ಸಂಧ್ಯಾರಾಣಿ ತಲೆಯೆತ್ತಲಿಲ್ಲ. “ಮಿಷನ್ನೇ, ನಮ್ಮಣ್ಣಂಗೆ ಒಂದೇ ಕಣ್ಣು ಹೋತು. ಪಾಪ, ಇವಳಿಗೆ ಎರಡೂ ಹೋಗ್ಯಾವಂತೆ.”

ಆ ವಾರವೇ ಸಂಧ್ಯಾರಾಣಿ ಕೆಲಸ ಬಿಟ್ಟಳು. ಹೊನ್ನಾಳಿ ಕಡೆ ಮದುವೆಯಾಯಿತೆಂದು ಅನ್ನಪೂರ್ಣ ಹೇಳಿದಳು. ಆ ಮಿಷನ್ನಿಗೆ ಈಗ ಬೇರೆ ಹುಡುಗಿ ಬಂದಿದ್ದಾಳೆ.

ಸಂಜೆ ಆ ಹುಡುಗಿ ಎದ್ದುಹೋದ ಮೇಲೆ ದುರ್ಗಾಂಬಿಕಾ ಆ ಮಿಷನ್ನಿಗೆ ಬಟ್ಟೆ ಹೊದಿಸುತ್ತಾ, “ಕಂಡಿದ್ದೆ ಅಂತ ಹೇಳು” ಎನ್ನುತ್ತಾಳೆ. ಹೊರಗೆ ಹಾರ್ನ್ ಕೇಳುತ್ತದೆ. ಅವಳನ್ನು ಮನೆಗೆ ಕರೆದೊಯ್ಯಲು ಮಾರುತಿ ಬೈಕು ತಂದಿರುತ್ತಾನೆ.