ಖಾಲಿ ಬುಟ್ಟಿ ಹೊತ್ತು ಅಳಿವೆಬಾಗಿಲಿಗೆ

೧೯೮೧ರಲ್ಲಿ, ಏಳನೇ ತರಗತಿಯ ಪರೀಕ್ಷೆ ಮುಗಿದ ಮೇಲೆ, ನಾನು ಶಾಲೆ ಬಿಟ್ಟೆ. ಯಾರೋ ಬಿಡಿಸಿದರು ಎಂದು ಹೇಳುವುದಿಲ್ಲ. ಅಪ್ಪನ ದೋಣಿಗೆ ಒಂದು ಜನ ಕಡಿಮೆ ಇತ್ತು, ನಾನು ಹತ್ತಿದೆ, ಅಷ್ಟೆ. ಅಂದಿನಿಂದ ನನ್ನ ಕೈ ಖಾಲಿ ಇದ್ದದ್ದು ಕಡಿಮೆ.

ನಮ್ಮ ಮನೆ ಇರುವುದು ಬೆಂಗ್ರೆಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಫಲ್ಗುಣಿ ಹೊಳೆ, ನಡುವೆ ಉದ್ದಕ್ಕೆ ಬಿದ್ದುಕೊಂಡ ಮರಳಿನ ಪಟ್ಟಿಯೇ ನಮ್ಮ ಊರು. ಮಂಗಳೂರು ಪೇಟೆ ಹೊಳೆಯ ಆಚೆ ದಡದಲ್ಲಿ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ, ಆದರೆ ಫೆರಿ ಬೋಟು ಹತ್ತದೆ ಸಿಗುವುದಿಲ್ಲ. ಪಟ್ಟಿಯ ತೆಂಕು ತುದಿಯಲ್ಲಿ ನೇತ್ರಾವತಿಯೂ ಬಂದು ಸೇರಿ, ಎರಡೂ ಹೊಳೆಗಳು ಒಟ್ಟಿಗೆ ಕಡಲಿಗೆ ಇಳಿಯುತ್ತವೆ. ಆ ಜಾಗಕ್ಕೆ ಅಳಿವೆಬಾಗಿಲು ಎನ್ನುತ್ತೇವೆ. ದೋಣಿಯಲ್ಲಿ ನಾನು ಆ ಬಾಗಿಲನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಕಾಲಿನಲ್ಲಿ ನಡೆದು ಹೋದದ್ದು ಮಾತ್ರ ನೆನಪಿಲ್ಲ. ನಮ್ಮಲ್ಲಿ ಸುಮ್ಮನೆ ನಡೆಯುವುದು ಎಂಬುದೇ ಇರಲಿಲ್ಲ. ಬಲೆ, ಹುಟ್ಟು, ಸೀಮೆಎಣ್ಣೆಯ ಡಬ್ಬಿ, ಏನಾದರೂ ಹೆಗಲ ಮೇಲೆ ಇದ್ದರೆ ಅದು ನಡಿಗೆ. ಬರಿಗೈಯಲ್ಲಿ ದಡದ ಮೇಲೆ ಹೋಗುವವನನ್ನು ಕಂಡರೆ ಹಿರಿಯರು, ಜ್ವರವಾ ಎಂದು ಕೇಳುತ್ತಿದ್ದರು.

ದೋಣಿಯಿಂದ ನಾನು ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಬಂದೆ, ಬೋಟುಗಳ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತೆ. ಅಲ್ಲಿಂದ ಬೈಕಂಪಾಡಿಯಲ್ಲಿ ವೆಲ್ಡಿಂಗ್ ಕೆಲಸ. ಹತ್ತಾರು ವರ್ಷ ಬೇರೆಯವರ ಶೆಡ್ಡಿನಲ್ಲಿ ಕಿಡಿ ತಿಂದು, ಕೊನೆಗೆ ಅಲ್ಲಿಯೇ ನನ್ನ ಸ್ವಂತ ಶಾಪು ಹಾಕಿದೆ. ಯಾರ ಶಿಫಾರಸೂ ಇರಲಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ, ಬರಲಿ.

ಅಷ್ಟೂ ವರ್ಷ ನನ್ನ ಹೆಂಡತಿ ಮೀನು ಮಾರಿದಳು. ಬೆಳಿಗ್ಗೆ ದಕ್ಕೆಯಲ್ಲಿ ಮೀನು ಕೊಂಡು, ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು, ಕೊಡಿಯಾಲ್‌ಬೈಲಿನ ಓಣಿ ಓಣಿ ತಿರುಗುತ್ತಿದ್ದಳು. ನಮ್ಮ ಹೊಸ ಮನೆಯ ಒಕ್ಕಲಿನ ದಿನ, ನೆಂಟರೆಲ್ಲ ಊಟಕ್ಕೆ ಕೂತಿರುವಾಗ, ನಾಳೆಯಿಂದ ಇವಳ ತಲೆ ಮೇಲೆ ಬುಟ್ಟಿ ಇಲ್ಲ ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವಳು ಬುಟ್ಟಿಯನ್ನು ತೊಳೆದು ಒಣಗಿಸಿ ಹಿಂದಿನ ಚಾವಡಿಯ ಮೊಳೆಗೆ ಸಿಕ್ಕಿಸಿದಳು. ನನಗೆ ಶಾಪಿನ ಬೋರ್ಡಿಗಿಂತ ಆ ಮೊಳೆ ದೊಡ್ಡದಾಗಿ ಕಾಣುತ್ತಿತ್ತು. ದಕ್ಕೆಯಲ್ಲಿ, ಬಲೆ ಹೊಲಿಯುವ ಕೊಟ್ಟಿಗೆಯಲ್ಲಿ, ಸಿಕ್ಕಿದವರಿಗೆಲ್ಲ ಹೇಳಿದ್ದೇನೆ.

ಕಳೆದ ವರ್ಷ ಮಳೆಗಾಲ ಮುಗಿಯುವಾಗ ಫೆರಿಯ ಮೆಟ್ಟಿಲಿನ ಪಾಚಿಯಲ್ಲಿ ಅವಳು ಜಾರಿ ಬಿದ್ದಳು. ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಮಾಡಿ ಒಳಗೆ ಸರಳು ಕೂರಿಸಿದರು. ಹಾಸಿಗೆಯಿಂದ ಎದ್ದ ಮೇಲೆ, ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು: ಮೂಳೆ ಸೇರಿದೆ, ಇನ್ನು ನಡೆಯಬೇಕು, ದಿನಾಲೂ, ಸಮತಟ್ಟಾದ ದಾರಿಯಲ್ಲಿ. ಈಗ ನಡೆಯದಿದ್ದರೆ ಕಾಲು ಹಾಗೆಯೇ ಬಿಗಿದುಕೊಳ್ಳುತ್ತದೆ, ಆಮೇಲೆ ಊರುಗೋಲೇ ಗತಿ. ಎಷ್ಟು ಸಮಯ ಉಂಟು ಎಂದು ನಾನು ಕೇಳಿದೆ. ತಡ ಮಾಡಬೇಡಿ ಎಂದರು.

ಸಮತಟ್ಟು ದಾರಿಗೆ ನಮ್ಮಲ್ಲಿ ಎಂತ ಬರ? ಹೊಳೆ ಇದ್ದಲ್ಲಿ ನೆಲ ತಾನಾಗಿಯೇ ಸಮ ಇರುತ್ತದೆ. ಬೈಕಂಪಾಡಿಯ ಶಾಪನ್ನು ಹುಡುಗರಿಗೆ ಬಿಟ್ಟು, ಬೆಳಗ್ಗಿನ ಹೊತ್ತನ್ನು ನಾನು ಇದಕ್ಕೇ ಇಟ್ಟೆ. ದಾರಿ ಹುಡುಕುವುದನ್ನು ಒಂದು ಕೆಲಸದ ಹಾಗೆ ಹಿಡಿದುಕೊಂಡೆ.

ಮೊದಲು ಹೋದದ್ದು ಸುಲ್ತಾನ್ ಬತ್ತೇರಿಯ ಕಡೆಗೆ. ಫೆರಿ ಇಳಿದರೆ ಕರಿಕಲ್ಲಿನ ಹಳೆಯ ಕಾವಲು ಬುರುಜು, ಅದರ ಬುಡದಿಂದ ಹೊಳೆಯನ್ನು ಅಂಟಿಕೊಂಡೇ ಬೊಕ್ಕಪಟ್ಟಣದ ಕಡೆಗೆ ರಸ್ತೆ. ಹಳ್ಳ ಇಲ್ಲ, ಏರು ಇಲ್ಲ. ಒಂದು ಕಡೆ ಹೆಂಚಿನ ಮನೆಗಳು, ಇನ್ನೊಂದು ಕಡೆ ಕಟ್ಟಿ ನಿಲ್ಲಿಸಿದ ದೋಣಿಗಳು. ಬುರುಜಿನ ಗೋಡೆಯ ಕಿಂಡಿಗಳಿಂದ ನೋಡಿದರೆ ಅಳಿವೆಯ ಕಡೆಯಿಂದ ಒಳಗೆ ಬರುವ ದೋಣಿಗಳೆಲ್ಲ ಕಾಣುತ್ತವೆ. ಹುಟ್ಟಿದಾಗಿನಿಂದ ಆ ಬುರುಜನ್ನು ನೀರಿನಿಂದ ನೋಡುತ್ತಿದ್ದವನು, ಮೊದಲ ಸಲ ಅದರ ಒಳಗೆ ನಿಂತು ನೀರನ್ನು ನೋಡಿದೆ. ನಮ್ಮ ಬೆಂಗ್ರೆ ಅಲ್ಲಿಂದ ತೆಂಗಿನ ಸಾಲಿನ ಕೆಳಗೆ ಎಳೆದ ಒಂದು ಗೆರೆಯ ಹಾಗೆ ಕಂಡಿತು.

ಅವಳು ಮಾತ್ರ ಅದೆಲ್ಲ ನೋಡಲಿಲ್ಲ. ತನ್ನ ಪಾದಗಳನ್ನೇ ನೋಡುತ್ತಾ, ಬೆನ್ನು ಬಗ್ಗಿಸಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ಅಂಗಿ. ಮೋರಿಯ ಹತ್ತಿರ ಬಂದಾಗ ಸಾಕು ಎಂದು ಕುಳಿತಳು. ಮರುದಿನವೂ ಅದೇ ಮೋರಿ.

ಜಾಗ ಬದಲಿಸಿದರೆ ಸರಿಯಾದೀತು ಎಂದು ನೇತ್ರಾವತಿಯ ದಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಈಗ ನಡೆಯುವವರಿಗೆಂದೇ ಕಲ್ಲು ಹಾಸಿ, ಬೆಂಚು ಹಾಕಿ, ದೀಪ ನಿಲ್ಲಿಸಿದ್ದಾರೆ. ಬೂಟು ಹಾಕಿದ ಹೆಂಗಸರು, ಗಂಡಸರು ಎರಡೂ ಕೈ ಬೀಸಿಕೊಂಡು ಸರಸರ ಹೋಗುತ್ತಿದ್ದರು. ಅವಳು ನಿಂತು ಅವರನ್ನು ನೋಡಿದಳು. ಬೆಂಚಿನಲ್ಲಿ ಕುಳಿತ ಮೇಲೆ ನನ್ನನ್ನು ಕೇಳಿದಳು.

“ಬರಿಗೈಯಲ್ಲಿ ನಡೆಯುವಾಗ ಈ ಕೈಗಳನ್ನು ಎಂತ ಮಾಡುವುದು ಮಾರಾಯ್ರೇ?”

ನಾನು ನಕ್ಕೆ. ಅವಳು ತಮಾಷೆಗೆ ಕೇಳಿದ್ದಲ್ಲ. ಮದುವೆಯಾದಾಗಿನಿಂದ ಅವಳು ನಡೆದದ್ದೆಲ್ಲ ಬುಟ್ಟಿ ಹೊತ್ತೇ. ಒಂದು ಕೈ ಮೇಲೆ ಬುಟ್ಟಿಯ ಅಂಚಿನಲ್ಲಿ, ಇನ್ನೊಂದು ಕೈ ಸೊಂಟದ ಹತ್ತಿರ. ಕತ್ತು ಅಲ್ಲಾಡಬಾರದು, ಕಣ್ಣು ಎದುರಿಗೆ, ನೆಲವನ್ನು ಪಾದವೇ ನೋಡಿಕೊಳ್ಳಬೇಕು. ಅವಳಿಗೆ ಗೊತ್ತಿದ್ದ ನಡಿಗೆ ಅದೊಂದೇ. ಬುಟ್ಟಿ ಇಳಿಸಿದ ಮೇಲೆ ಮನೆಯೊಳಗೆ, ಅಂಗಳದಲ್ಲಿ ಹೇಗೋ ನಡೆದುಕೊಂಡಿದ್ದಳು. ಕಾಲು ಮುರಿದು ಹೊಸದಾಗಿ ಕಲಿಯಬೇಕಾಗಿ ಬಂದಾಗ ದೇಹ ಹಳೆಯ ಪಾಠವನ್ನೇ ಹುಡುಕುತ್ತಿತ್ತು.

ಇದು ನನಗೆ ಗೊತ್ತಾದದ್ದು ಮಾರನೆಯ ದಿನ. ಹಲ್ಲುಜ್ಜುತ್ತಿದ್ದೆ. ಹಿಂದಿನ ಚಾವಡಿಯಿಂದ ಬುಟ್ಟಿ ತೆಗೆದ ಶಬ್ದ ಕೇಳಿತು. ಹೋಗಿ ನೋಡಿದರೆ, ಹಳೆಯ ಸೀರೆಯ ತುಂಡನ್ನು ಸುರುಳಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡಿದ್ದಾಳೆ. ಕೋಲು ಗೋಡೆಗೆ ಒರಗಿದೆ. ನನ್ನ ಎದುರಿನಲ್ಲೇ ಅವಳ ಬೆನ್ನು ನೆಟ್ಟಗಾಯಿತು. ಮೆಲ್ಲ ಮೆಲ್ಲನೆ ಗೇಟಿನವರೆಗೆ ಹೋಗಿ ತಿರುಗಿ ಬಂದಳು. ಕುಂಟು ಇತ್ತು, ಭಯ ಇರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಇಳಿಸು ಅದನ್ನು ಎಂದೆ. ಹೀಗೆ ರಸ್ತೆಗೆ ಹೋದರೆ ಊರಿನವರು ಎಂತ ಹೇಳ್ತಾರೆ, ಕಾಲು ಮುರಿದ ಹೆಂಡತಿಯನ್ನು ಪುನಃ ಮೀನು ಮಾರ್ಲಿಕ್ಕೆ ಕಳಿಸಿದ್ದಾನೆ ಅಂತ ಹೇಳುವುದಿಲ್ಲವಾ ಎಂದು ಕೇಳಿದೆ.

“ಹೇಳ್ಲಿ. ನಡೆಯಬೇಕಾದ್ದು ಊರಿನವರಲ್ಲ, ನಾನು,” ಎಂದಳು.

ಡಾಕ್ಟರಮ್ಮನಿಗೆ ಫೋನು ಮಾಡಿದೆ. ಬೇಡ ಎನ್ನುತ್ತಾರೆ, ಆಗ ನನ್ನ ಮಾತು ಉಳಿಯುತ್ತದೆ ಎಂಬ ಲೆಕ್ಕ ನನ್ನದು. ಅವರು ಬುಟ್ಟಿಯ ಒಳಗೆ ಏನಿದೆ ಎಂದು ಕೇಳಿದರು. ಏನಿಲ್ಲ ಎಂದೆ. ಹಾಗಾದರೆ ಧೈರ್ಯವಾಗಿ ನಡೆಯಲಿ, ಭಾರ ಮಾತ್ರ ಹಾಕಬೇಡಿ, ನೀವು ಪಕ್ಕದಲ್ಲೇ ಇರಿ ಎಂದರು. ಫೋನು ಇಟ್ಟ ಮೇಲೆ, ಡಾಕ್ಟರಮ್ಮ ಎಂತ ಹೇಳಿದರು ಎಂದು ಹೆಂಡತಿ ಕೇಳಲೇ ಇಲ್ಲ. ನನ್ನ ಮುಖ ನೋಡಿ ಅವಳಿಗೆ ಗೊತ್ತಾಗಿತ್ತು.

ನಾನೂ ಬಿಡುವ ಆಸಾಮಿ ಅಲ್ಲ. ನಮ್ಮನ್ನು ಯಾರೂ ಗುರುತಿಸದ ಕಡೆ ನಡೆಯುವ ಎಂದು ಒಪ್ಪಿಸಿದೆ. ಫೆರಿಯಲ್ಲಿ ದಾಟಿ, ಹೊಯಿಗೆ ಬಜಾರಿನಿಂದ ಬೋಳಾರದವರೆಗೆ, ಹೊಳೆಯ ಬದಿಯ ಹಳೆಯ ರಸ್ತೆ. ಅದು ನನ್ನ ಮೆಚ್ಚಿನ ದಾರಿ ಆದದ್ದು ಆಗಲೇ. ಮುಚ್ಚಿದ ಹೆಂಚಿನ ಕಾರ್ಖಾನೆಗಳು, ಅವುಗಳ ಎತ್ತರದ ಹೊಗೆಕೊಳವೆಯ ತುದಿಯಲ್ಲಿ ಬೆಳೆದ ಅರಳಿ ಗಿಡ, ಒಂದು ಕಾಲಕ್ಕೆ ಮಣ್ಣು ತುಂಬಿದ ದೋಣಿಗಳು ಬಂದು ನಿಲ್ಲುತ್ತಿದ್ದ ಕಟ್ಟೆಗಳು. ನಮ್ಮ ಅಜ್ಜಿಯ ಮನೆಯ ಮಾಡಿನ ಹೆಂಚು ಇಲ್ಲಿಯೇ ಎಲ್ಲೋ ಸುಟ್ಟದ್ದು. ನೆರಳು ಚೆನ್ನಾಗಿದೆ, ವಾಹನ ಕಡಿಮೆ, ಬೆಳಿಗ್ಗೆ ಹೊಳೆಯಿಂದ ತಣ್ಣನೆಯ ಗಾಳಿ.

ಗುರುತಿಸದ ಜಾಗ ಎಂದುಕೊಂಡದ್ದು ಮಾತ್ರ ಸುಳ್ಳಾಯಿತು. ನಮ್ಮನ್ನು ಗುರುತಿಸಲಿಲ್ಲ ನಿಜ, ಬುಟ್ಟಿಯನ್ನು ಗುರುತಿಸಿದರು. ಒಂದು ಹಳೆಯ ಮನೆಯ ಹೆಂಗಸು ಪಾತ್ರೆ ಹಿಡಿದುಕೊಂಡೇ ಗೇಟಿಗೆ ಬಂದು, ಬಂಗುಡೆ ಉಂಟಾ ಎಂದರು. ನನ್ನ ಹೆಂಡತಿ ಅಭ್ಯಾಸಬಲದಿಂದ ನಿಂತೇಬಿಟ್ಟಳು.

“ಇವತ್ತು ಎಂತದೂ ಇಲ್ಲ ಅಕ್ಕ. ಕಾಲು ಸರಿಯಾಗ್ಲಿಕ್ಕೆ ನಡೆಯುವುದು.”

“ಕಾಲು ಸರಿಯಾಗ್ಲಿಕ್ಕೆ ತಲೆ ಮೇಲೆ ಬುಟ್ಟಿಯಾ?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವರು ಯಾರು, ತಕ್ಕಡಿ ಹಿಡಿಯುವವರಾ?”

ಇಬ್ಬರೂ ನಕ್ಕರು. ನಾನು ಹೊಗೆಕೊಳವೆ ನೋಡುತ್ತಾ ನಿಂತೆ. ಕತೆಯೆಲ್ಲ ಕೇಳಿಸಿಕೊಂಡು, ಆ ಹೆಂಗಸು ಒಳಗೆ ಹೋಗಿ ಒಂದು ಹಿಡಿ ಬಸಳೆ ತಂದು ಬುಟ್ಟಿಗೆ ಹಾಕಿದರು. ಮನೆ ಬಾಗಿಲಿಗೆ ಬಂದ ಬುಟ್ಟಿಯನ್ನು ಬರಿದಾಗಿ ಕಳಿಸುವುದು ಅವರಲ್ಲಿ ಇಲ್ಲವಂತೆ. ನಮ್ಮ ಹೆಂಗಸರಲ್ಲೂ ಅದೇ ಕ್ರಮ. ಮೀನು ಪೂರ್ತಿ ಖಾಲಿಯಾದರೂ ಬುಟ್ಟಿ ಬರಿದಾಗಿ ಮನೆಗೆ ಬರಬಾರದು, ಒಂದು ವೀಳ್ಯದೆಲೆಯಾದರೂ ಇರಬೇಕು. ಮಧ್ಯಾಹ್ನ ಬಸಳೆ ಸಾರು ಉಣ್ಣುವಾಗ ಅವಳ ಮುಖದಲ್ಲಿ, ಬಹಳ ದಿನದ ಮೇಲೆ, ವ್ಯಾಪಾರ ಮುಗಿಸಿ ಬಂದ ದಿನದ ಕಳೆ ಇತ್ತು.

ನಾಲ್ಕು ದಿನ ಹಾಗೆ ಹೋಯಿತು. ಆಮೇಲೆ ಅವಳು ಫೆರಿ ಬೇಡ ಎಂದಳು. ಬಿದ್ದ ಮೆಟ್ಟಿಲಿನ ಮೇಲೆ ದಿನಾ ಇಳಿಯಬೇಕಲ್ಲ, ಭಯವಾಗುತ್ತದಂತೆ. ಅಷ್ಟು ದೂರ ಯಾಕೆ, ನಮ್ಮ ಓಣಿಯಲ್ಲೇ ಅಳಿವೆಬಾಗಿಲಿಗೆ ದಾರಿ ಉಂಟಲ್ಲ, ಅದಕ್ಕಿಂತ ಸಮತಟ್ಟು ಯಾವುದು ಉಂಟು ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಆ ದಾರಿ ಬಲೆ ಹೊಲಿಯುವ ಕೊಟ್ಟಿಗೆಯ ಎದುರಿನಿಂದಲೇ ಹೋಗುತ್ತದೆ ಎಂಬುದೂ ಸರಿ. ನಾನು ಶಾಪಿನಲ್ಲಿ ಅರ್ಜೆಂಟ್ ಕೆಲಸ ಉಂಟೆಂದು ಬೆಳಿಗ್ಗೆಯೇ ಹೊರಟೆ. ಮರುದಿನವೂ ಹೊರಟೆ. ಆ ವಾರವೆಲ್ಲ ಅವಳು ಮನೆಯಲ್ಲೇ ಕುಳಿತಳು. ಬುಟ್ಟಿ ಇಲ್ಲದೆ ಹೊರಡುವುದಿಲ್ಲ, ನಾನಿಲ್ಲದೆ ಹೊರಡಬಾರದೆಂದು ಡಾಕ್ಟರಮ್ಮನ ಮಾತು.

ತಪಾಸಣೆಗೆ ಹೋದಾಗ ಡಾಕ್ಟರಮ್ಮ ಕಾಲು ಮಡಚಿಸಿ ನೋಡಿದರು. ಹಿಂದಿನ ಸಲದಷ್ಟು ಮಡಚಲಿಲ್ಲ. ಅವರು ಬೈಯಲಿಲ್ಲ. ಎಷ್ಟು ದಿನದಿಂದ ನಡೆದಿಲ್ಲ ಎಂದು ಮೆಲ್ಲನೆ ಕೇಳಿದರು. ಹೆಂಡತಿ ನನ್ನ ಕಡೆ ನೋಡಲೂ ಇಲ್ಲ, ದೂರು ಹೇಳಲೂ ಇಲ್ಲ. ಮಳೆ ಇತ್ತು ಎಂದಳು. ಒಂದು ಹನಿಯೂ ಬಿದ್ದಿರಲಿಲ್ಲ.

ಮಾರನೆಯ ಬೆಳಿಗ್ಗೆ ಮೊಳೆಯಿಂದ ಬುಟ್ಟಿಯನ್ನು ನಾನೇ ತೆಗೆದೆ. ಸಿಂಬಿ ಸುತ್ತಲು ನನಗೆ ಬರಲಿಲ್ಲ, ಅವಳೇ ಸುತ್ತಿದಳು. ಗೇಟು ದಾಟಿದೆವು.

ಕೊಟ್ಟಿಗೆಯಲ್ಲಿ ಐದಾರು ಜನ ಬಲೆ ಹರಡಿಕೊಂಡು ಕುಳಿತಿದ್ದರು. ಅಪ್ಪನ ದೋಣಿಯಲ್ಲಿ ನನ್ನ ಜೊತೆ ಹುಟ್ಟು ಹಾಕಿದವನೊಬ್ಬ ಅವರಲ್ಲಿ ಇದ್ದ. ನನಗಿಂತ ಸ್ವಲ್ಪ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಬಲೆಯ ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡಿದ.

“ಎಂತ ಅಣ್ಣ, ಪುನಃ ಬುಟ್ಟಿ ಇಳಿಸಿದ್ರಾ ಮೊಳೆಯಿಂದ? ಬೈಕಂಪಾಡಿ ಶಾಪು ಬಂದ್ ಆಯ್ತಾ?”

ಉಳಿದವರು ಬಲೆ ನೋಡುತ್ತಾ ನಕ್ಕರು. ನನ್ನ ಬಾಯಲ್ಲಿ ಉತ್ತರ ತಯಾರಿತ್ತು, ಒಳ್ಳೆಯದಲ್ಲ. ಅದಕ್ಕಿಂತ ಮುಂಚೆ ಅವಳು ನಿಂತಳು. ಕತ್ತು ತಿರುಗಿಸಲಿಲ್ಲ, ಬುಟ್ಟಿ ಹೊತ್ತವರು ತಿರುಗಿಸುವುದಿಲ್ಲ. ಇಡೀ ಮೈಯನ್ನೇ ಅವನ ಕಡೆಗೆ ತಿರುಗಿಸಿದಳು.

“ಶಾಪು ಅವರದ್ದು, ನಡೀತಾ ಉಂಟು. ಬುಟ್ಟಿ ನನ್ನದು, ಅದೂ ನಡೀತಾ ಉಂಟು. ನೀನು ಬಲೆ ಹೊಲಿ.”

ಅವನು ಸೂಜಿ ಬಾಯಿಂದ ತೆಗೆದ. ಕಾಲು ಹೇಗುಂಟು ಅಕ್ಕ ಎಂದು ಕೇಳಿದ. ನೋಡ್ತಾ ಇದ್ದಿಯಲ್ಲ ಎಂದು ಹೇಳಿ ಅವಳು ಮುಂದೆ ಹೋದಳು. ನಾನು ಹಿಂದಿನಿಂದ ಹೋದೆ. ಬುಟ್ಟಿ ನನ್ನದು ಎಂದು ಅವಳು ಹೇಳಿದ್ದು ನನ್ನ ಕಿವಿಯಲ್ಲಿಯೇ ಇತ್ತು. ಇಷ್ಟು ವರ್ಷ ಅದನ್ನು ನಾನು ನನ್ನ ಸಂಪಾದನೆಯ ಗುರುತು ಎಂದುಕೊಂಡಿದ್ದೆ.

ಮನೆಗಳು ಮುಗಿದ ಮೇಲೆ ಗಾಳಿಮರಗಳ ಸಾಲು. ನೆಲದ ಮೇಲೆ ಅದರ ಎಲೆ ಉದುರಿ ಕಂಬಳಿಯಂತೆ ಮೆತ್ತಗೆ. ಬಲಗಡೆ ಕಡಲಿನ ಶಬ್ದ, ಎಡಗಡೆ ಹೊಳೆಯ ಮೌನ. ಕೊನೆಗೆ ದಾರಿ ಕಲ್ಲಿನ ತಡೆಗೋಡೆಯ ಹತ್ತಿರ ನಿಲ್ಲುತ್ತದೆ. ಅಲ್ಲಿ ಅವಳು ತಾನಾಗಿ ಬುಟ್ಟಿ ಇಳಿಸಿದಳು, ಒಂದು ಕಲ್ಲಿನ ಮೇಲೆ ಕುಳಿತಳು. ಹೊಳೆಗಳ ಮಣ್ಣು ಬಣ್ಣದ ನೀರು ಕಡಲಿನ ಹಸಿರಿಗೆ ಸೇರುವ ಗೆರೆ ಕಾಣುತ್ತಿತ್ತು. ಬೋಟೊಂದು ಆ ಗೆರೆ ದಾಟಿ ಒಳಗೆ ಬಂತು. ಇಷ್ಟು ವರ್ಷ ನಾನು ಮೀನು ಮಾರಿದ್ದೇನೆ, ಅದು ಬರುವ ಬಾಗಿಲನ್ನು ಇವತ್ತೇ ನೋಡಿದ್ದು ಎಂದಳು. ಹೊರಡುವಾಗ ದಡದಿಂದ ಒಂದು ಹಿಡಿ ಚಿಪ್ಪು ಆಯ್ದು ಬುಟ್ಟಿಗೆ ಹಾಕಿಕೊಂಡಳು. ಬರಿದಾಗಿ ಹೋಗಬಾರದಲ್ಲ.

ಈಗ ಆ ದಾರಿಯಲ್ಲಿ ದಿನಾ ಹೋಗುತ್ತೇವೆ. ಡಾಕ್ಟರಮ್ಮ ಊರುಗೋಲು ಬಿಡಿಸಿದ್ದಾರೆ. ಕೆಲವು ದಿನ ಅವಳು ಬುಟ್ಟಿ ಮರೆತು ಹೊರಡುತ್ತಾಳೆ, ಗಾಳಿಮರದವರೆಗೆ ಹೋದ ಮೇಲೆ ನೆನಪಾಗುತ್ತದೆ. ಆಗ ಒಂದು ಕೈ ತಾನಾಗಿ ಮೇಲೆ ಹೋಗಿ, ಏನೂ ಸಿಗದೆ, ಕೂದಲು ಸರಿ ಮಾಡಿ ಕೆಳಗೆ ಬರುತ್ತದೆ. ನಾನು ನೋಡದ ಹಾಗೆ ಇರುತ್ತೇನೆ.

ಏಳನೇ ತರಗತಿಗೆ ನಿಂತವನ ಹತ್ತಿರ ಈಗ ಇರುವುದು ಇಷ್ಟು: ಹೆಂಚಿನ ಮಾಡಿನ ಒಂದು ಮನೆ. ಬೈಕಂಪಾಡಿಯಲ್ಲಿ ಒಂದು ಶಾಪು, ಅದರಲ್ಲಿ ಎರಡು ವೆಲ್ಡಿಂಗ್ ಮೆಷಿನ್. ಹೊಳೆಯ ಬದಿಯಲ್ಲಿ ನಾಲ್ಕು ನಡೆಯುವ ದಾರಿ. ನಡೆಯುವ ಒಬ್ಬಳು ಹೆಂಡತಿ. ಚಾವಡಿಯಲ್ಲಿ ಒಂದು ಮೊಳೆ. ಬುಟ್ಟಿ ಅವಳದ್ದು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.